ಸವತಿಯ ಗೊರಸು

ಠಕುಬಾಯಿ ಢೇಬೆಗೆ ಒಬ್ಬ ಸವತಿ ಇದ್ದಾಳೆ ಎಂದು ಮಾಥೇರಾನಿನ ಕುದುರೆಯವರ ಮನೆಗಳಲ್ಲಿ ತಮಾಷೆ ಮಾಡುತ್ತಿದ್ದರು. ಸವತಿಯ ಹೆಸರು ಮೈನಾ. ಬೆಲ್ಲದ ಬಣ್ಣದ ಮೈ, ಹಣೆಯ ಮೇಲೆ ಸುಣ್ಣ ಒರೆಸಿದಂಥ ಬಿಳಿ ಗುರುತು, ಬೆನ್ನ ಮೇಲೆ ಕೂತವರ ಕೈಯಲ್ಲಿನ ಚಹಾ ತುಳುಕದಂಥ ನಡಿಗೆ. ಠಕುಬಾಯಿಯ ಗಂಡ ಕೋಂಡಿಬಾ ಆ ಹೆಣ್ಣು ಕುದುರೆಯನ್ನು ಮಾಲೇಗಾಂವ್ ಸಂತೆಯಲ್ಲಿ ಕೊಂಡು, ಒಮ್ಮೆಯೂ ಅದರ ಮೇಲೆ ಕೂರದೆ, ಹಗ್ಗ ಹಿಡಿದು ನಡೆಸಿಕೊಂಡೇ ಬಂದು ಬೆಟ್ಟ ಹತ್ತಿಸಿದ್ದ. ಅಂಗಳಕ್ಕೆ ಬಂದವನು ತನ್ನ ಕಾಲಿಗೆ ನೀರು ಕೇಳಲಿಲ್ಲ.

"ಏ, ಬೆಲ್ಲದ ನೀರು ತಾ. ಮೊದಲ ಇದಕ್ಕ ಕೊಡು. ದಣದು ಬಂದೈತಿ."

"ನೀವೂ ದಣದೇ ಬಂದೀರಿ."

"ನಾ ಮನಶಾ. ತಡಕೋತೀನಿ."

ಅಂದಿನಿಂದ ನಲ್ಲಿಯ ಹತ್ತಿರ ಹೆಂಗಸರು ಕೊಡ ಇಟ್ಟುಕೊಂಡು ಕೇಳುವುದು ರೂಢಿಯಾಯಿತು. "ಯಾಕ ಠಕು, ನಿನ್ನ ಸವತಿ ಊಟಾ ಆತೇನ?"

"ಆಕೀದು ಆದ ಮ್ಯಾಲ ನಂದು," ಎಂದು ಠಕುಬಾಯಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಆ ನಗೆಯ ಹಿಂದೆ ಇದ್ದದ್ದನ್ನು ಅವಳು ಯಾರ ಮುಂದೆಯೂ ಹೇಳಿದವಳಲ್ಲ. ಕೋಂಡಿಬಾ ಕುದುರೆಗೆ ಎಂದೂ ಚಾವಟಿ ಮುಟ್ಟಿಸಿದವನಲ್ಲ. ಬಾಡಿಗೆ ಕುದುರೆಗಳ ಸ್ಟ್ಯಾಂಡಿನಲ್ಲಿ ಆ ಮಾತಿಗೆ ಅವನಿಗೆ ಹೆಸರೇ ಇತ್ತು. ಹೆಂಡತಿಯ ಮೇಲೆ ಕೈ ಎತ್ತುವುದಕ್ಕೆ ಮಾತ್ರ ಅವನಿಗೆ ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ. ಕಡಲೆಹಿಟ್ಟಿನ ಪಿಠಲೆಗೆ ಉಪ್ಪು ಹೆಚ್ಚಾದರೆ ಸಾಕು, ತವರಿನಿಂದ ಬರುವುದು ತಡವಾದರೆ ಸಾಕು. ಮದುವೆಯಾದ ಹೊಸದರಲ್ಲಿ ಹುಟ್ಟಿದ ಒಂದು ಕೂಸು ಹೊರಸಿನ ಮೇಲೇ ಕಣ್ಣು ಮುಚ್ಚಿತ್ತು. ಆಮೇಲೆ ಮತ್ತೆ ಬಸಿರು ನಿಲ್ಲಲಿಲ್ಲ. ಅದರ ಬಗ್ಗೆ ಅವನು ಬಯ್ದದ್ದಿಲ್ಲ, ಸಮಾಧಾನ ಹೇಳಿದ್ದೂ ಇಲ್ಲ. ಸಂಜೆ ಬಂದು ಮೈನಾಳ ಮೈ ತಿಕ್ಕುತ್ತ ಗಂಟೆಗಟ್ಟಲೆ ಏನೋ ಮಾತಾಡುತ್ತಿದ್ದ. ಒಳಗೆ ಭಾಕರಿ ತಟ್ಟುತ್ತಿದ್ದ ಠಕುಬಾಯಿಗೆ ಅವನ ದನಿಯ ಏರಿಳಿತ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

ಅವಳಿಗೆ ಐವತ್ತು ದಾಟಿದ ವರ್ಷ, ಹೋಳಿಯ ಹಿಂದುಮುಂದಿನಲ್ಲಿ, ಕೋಂಡಿಬಾನಿಗೆ ಲಕ್ವ ಹೊಡೆಯಿತು. ಜೀನು ಬಿಗಿಯುತ್ತಿದ್ದವನು ಹಾಗೇ ಕುದುರೆಯ ಮಗ್ಗುಲಿಗೆ ಒರಗಿ ಜಾರಿದನಂತೆ. ಮೈನಾ ಒಂದು ಹೆಜ್ಜೆ ಕದಲದೆ ನಿಂತದ್ದರಿಂದ ಕಾಲ ಕೆಳಗೆ ಸಿಗದೆ ಉಳಿದ. ಬಲಗೈ, ಬಲಗಾಲು, ಅರ್ಧ ಬಾಯಿ ಹೋಯಿತು. ನಾಲಿಗೆಯಲ್ಲಿ ನಾಲ್ಕಾರು ಮಾತು ಉಳಿದವು. ಅವೂ ತೊದಲು.

ಮನೆಯಲ್ಲಿ ಒಲೆ ಹೊತ್ತಬೇಕಿತ್ತು. ಠಕುಬಾಯಿ ಸೆರಗು ಬಿಗಿದು ತಾನೇ ಕುದುರೆ ಹಿಡಿದು, ಪ್ರವಾಸಿಗಳು ಮೋಟಾರು ಇಳಿದು ಕುದುರೆ ಹತ್ತುವ ದಸ್ತೂರಿ ನಾಕಾಕ್ಕೆ ಹೋದಳು. ಅಲ್ಲಿ ಹೆಂಗಸು ಕುದುರೆ ಹಿಡಿದು ನಿಂತದ್ದನ್ನು ಯಾರೂ ನೋಡಿರಲಿಲ್ಲ. ಅವಳನ್ನು ಅತ್ತಿಗೆಯೆಂದೇ ಕರೆಯುತ್ತಿದ್ದ ಪಕ್ಕದ ಮನೆಯ ಬಾರಕು ಆಖಾಡೆ ಬೀಡಿ ಬಾಯಿಂದ ತೆಗೆದು ಅಂದ, "ವಹಿನಿ, ಕುದರಿ ಹಿಡಿಯೋದಂದ್ರ ರೊಟ್ಟಿ ತಟ್ಟಿದಂಗಲ್ಲ."

"ನಿನಗ ಕುದರಿ ಒಂದ ಬರ್ತೈತಿ ಬಾರಕು. ನನಗ ಎರಡೂ ಬರ್ಲಿ ಬಿಡು."

ಸುತ್ತ ಇದ್ದವರು ಹೋ ಎಂದರು. ಬಾರಕುವೂ ನಕ್ಕ. ಆದರೆ ಸರದಿಯಲ್ಲಿ ಅವಳಿಗೆ ಜಾಗ ಬಿಟ್ಟವರು ಯಾರೂ ಇರಲಿಲ್ಲ. ಎಲ್ಲರ ಕುದುರೆ ಹೊರಟ ಮೇಲೆ ಉಳಿದ ಗಿರಾಕಿ ಅವಳ ಪಾಲಿಗೆ. ಮೈನಾ ಅವಳ ಜೊತೆ ನಡೆಯುತ್ತಿತ್ತು, ಆದರೆ ತಿರುವು ಬಂದಲ್ಲೆಲ್ಲ ಹಿಂದಕ್ಕೆ ಕತ್ತು ಹೊರಳಿಸಿ ನೋಡುತ್ತಿತ್ತು. ಯಾರನ್ನು ಹುಡುಕುತ್ತಿದೆ ಎಂದು ಠಕುಬಾಯಿಗೆ ಗೊತ್ತಿತ್ತು. "ನಡಿ," ಎಂದಷ್ಟೇ ಹೇಳಿ ಹಗ್ಗ ಎಳೆಯುತ್ತಿದ್ದಳು. ಅದರ ಜೊತೆ ಬೇರೆ ಏನು ಮಾತಾಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಮಳೆ ಹಿಡಿಯುವ ಮುಂಚೆ ಬೆಟ್ಟದ ಮೇಲೆ ಎಲ್ಲ ಬಂಗಲೆಗಳ ಸೂರು ರಿಪೇರಿ ನಡೆಯುತ್ತದೆ. ಹಳೆಯ ತಗಡು, ಕೊಳೆತ ಹಲಗೆ ದಾರಿಯ ಬದಿಗೇ ಬಿದ್ದಿರುತ್ತವೆ. ಅಂಥದೊಂದು ತಿರುವಿನಲ್ಲಿ ಮೈನಾ ಗಕ್ಕನೆ ನಿಂತಿತು. ಮೇಲೆ ಕೂತಿದ್ದ ಸೂರತ್ತಿನ ಹೆಂಗಸು "ಅರೇ ಬಾಪ್‌ರೇ" ಎಂದು ಕುದುರೆಯ ಕತ್ತಿನ ಕೂದಲು ಹಿಡಿದುಕೊಂಡಳು. ಕುದುರೆ ಎಡಗಡೆಯ ಮುಂಗಾಲನ್ನು ನೆಲಕ್ಕೆ ಊರದೆ ಗಾಳಿಯಲ್ಲಿ ಹಿಡಿದಿತ್ತು. ಠಕುಬಾಯಿ ಹೆಂಗಸನ್ನು ಇಳಿಸಿ, ಬಗ್ಗಿ ಕಾಲು ಎತ್ತಿ ನೋಡಿದಳು. ಗೊರಸಿನ ತಳದಲ್ಲಿ ತುಕ್ಕು ಹಿಡಿದ ಮೊಳೆ, ತಲೆಯಷ್ಟೇ ಕಾಣುತ್ತಿತ್ತು. ಕಿತ್ತಳು. ಒಂದು ಹನಿ ಕಪ್ಪು ರಕ್ತ ಬಂತು, ಅಷ್ಟೇ.

ಅವತ್ತೇ ಜನಾವರ ಡಾಕ್ಟರ ಹತ್ತಿರ ನಡೆಸಿಕೊಂಡು ಹೋದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಸೂಜಿ ಕೊಟ್ಟು, ಗಾಯ ತೊಳೆದು, "ಮಾವಶಿ, ಮ್ಯಾಲ ಸಣ್ಣದು ಕಾಣ್ತೈತಿ, ಒಳಗ ಎಷ್ಟು ಹೋಗೈತೋ ಹೇಳಾಕ ಬರಾಂಗಿಲ್ಲ. ಕಾಲು ಬಿಸಿ ಆದ್ರ ಕೂಡ್ಲೆ ಹೇಳಿ ಕಳಸ್ರಿ," ಎಂದಳು.

ವಾರ ಕಳೆಯುವುದರೊಳಗೆ ಗೊರಸು ಕಾದ ಹಂಚಿನಂತಾಯಿತು. ಮೈನಾ ಮೂರು ಕಾಲ ಮೇಲೆ ನಿಂತು, ತಲೆ ತಗ್ಗಿಸಿ, ಮೈಯೆಲ್ಲ ಬೆವರುತ್ತಿತ್ತು. ಹುಲ್ಲು ಮುಟ್ಟಲಿಲ್ಲ. ಡಾಕ್ಟರು ಬೆಟ್ಟದ ಬುಡದ ನೇರಳ ಊರಿನಿಂದ ದಸ್ತಗೀರ್ ನಾಲಬಂದನನ್ನು ಕರೆಸಿದಳು. ಲಾಳ ಕಟ್ಟುವುದು ಅವನ ಮನೆತನದ ಕೆಲಸ; ಬೆಟ್ಟದ ಅರ್ಧ ಕುದುರೆಗಳ ಕಾಲು ಅವನ ತೊಡೆಯ ಮೇಲೆ ಕೂತು ಎದ್ದಂಥವು. ಅವನು ಲಾಳ ಬಿಚ್ಚಿ, ಬಾಗಿದ ಚೂರಿಯಿಂದ ಡಾಕ್ಟರು ತೋರಿಸಿದ ಕಡೆ ಗೊರಸಿನ ತಳ ಕೆತ್ತುತ್ತ ಹೋದ. ಒಮ್ಮೆಲೇ ಬೂದು ಬಣ್ಣದ ಕೀವು ಚಿಮ್ಮಿ ಅವನ ತೋಳಿಗೆ ಹಾರಿತು. ನಾತಕ್ಕೆ ಬಾರಕು ಮೂಗು ಮುಚ್ಚಿಕೊಂಡ. ಮೈನಾ ಉದ್ದವಾಗಿ ಒಂದು ಉಸಿರು ಬಿಟ್ಟಿತು.

"ಉಳೀತೈತೇನ?" ಠಕುಬಾಯಿ ಕೇಳಿದಳು.

"ತೊಳದ್ರ ಉಳೀತೈತಿ," ಎಂದಳು ಡಾಕ್ಟರು. "ದಿನಾ ಎರಡು ಹೊತ್ತು ಬಿಸಿ ಉಪ್ಪುನೀರಾಗ ಕಾಲು ಇಡಿಸಬೇಕು. ತೌಡಿನ ಪಟ್ಟು ಹಾಕಿ ಕಟ್ಟಬೇಕು. ಹಸಿ ನೆಲ ಮುಟ್ಟಬಾರದು."

"ಈ ಬೆಟ್ಟದಾಗ, ಮಳಿಗಾಲದಾಗ, ಹಸಿ ನೆಲ ಮುಟ್ಟಬಾರದು!" ಬಾರಕು ನಕ್ಕ. ಡಾಕ್ಟರು ಹೋದ ಮೇಲೆ ದನಿ ತಗ್ಗಿಸಿ ಹೇಳಿದ, "ವಹಿನಿ, ಮಳಿಗಾಲ ಮುಗಿಯೂ ತನಕ ನಾವೆಲ್ಲ ಕುದರಿ ಕೆಳಗ ಒಯ್ಯಾಕತ್ತೇವಿ. ಇದು ಘಾಟ್ ಇಳಿಯಾಂಗಿಲ್ಲ, ಟೆಂಪೋದಾಗೂ ಮೂರು ಕಾಲ ಮ್ಯಾಲ ನಿಂದ್ರಾಂಗಿಲ್ಲ. ಕರ್ಜತ್ ಕಡೆ ಕುಂಟ ಕುದರಿ ಕೊಳ್ಳಾಂವ ಒಬ್ಬ ಅದಾನ. ಅವನ ಮಂದಿನ್ನ ಕರ್ಕೊಂಡ ಬಂದು ಹ್ಯಾಂಗರ ಮಾಡಿ ಒಯ್ತಾನ."

"ಒಯ್ದು ಏನ್ ಮಾಡ್ತಾನ?"

ಬಾರಕು ನೆಲ ನೋಡಿದ. "ಮನ್ಯಾಗ ಎರಡು ಕುಂಟು ಆದ್ವು. ಮೂರನೇದು ನೀ ಆಗಬ್ಯಾಡ. ಅಷ್ಟ ಹೇಳ್ತೇನಿ."

ಆಗ ಒಳಗಿನಿಂದ ದನಿ ಬಂತು. "ಬ್ಯಾಡ!"

ಇಬ್ಬರೂ ತಿರುಗಿ ನೋಡಿದರು. ಎಷ್ಟೋ ದಿನಗಳಿಂದ ಕೋಂಡಿಬಾನ ಬಾಯಿಂದ ಒಂದು ಮಾತು ಅಷ್ಟು ಸ್ಪಷ್ಟವಾಗಿ ಬಂದಿರಲಿಲ್ಲ. ಹೊರಸಿನ ಮೇಲೆ ಒಂದು ಮಗ್ಗುಲಿಗೆ ಬಿದ್ದಿದ್ದವನ ಒಳ್ಳೆಯ ಮಗ್ಗುಲಿನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ನನ್ನನ್ನು ಯಾರಾದರೂ ಒಯ್ಯಲು ಬಂದರೆ ಈ ಮನುಷ್ಯ ಹೀಗೆ ಕೂಗಿಯಾನೇ ಎಂದು ಠಕುಬಾಯಿಗೆ ಅನಿಸಿತು. ಅನಿಸಿದ್ದನ್ನು ನುಂಗಿಕೊಂಡಳು.

"ಬ್ಯಾಡ ಅಂದ್ರಲ್ಲ ಬಾರಕು. ಕೇಳಿಸಲಿಲ್ಲೇನ?"

ಮಳೆ ಹಿಡಿಯಿತು. ಬೆಟ್ಟದ ಮೇಲಿನ ಮಳೆಗೆ ಹಗಲು ಸಂಜೆಗಳ ಗುರುತು ಇರುವುದಿಲ್ಲ. ಮೋಡ ಮನೆಯೊಳಗೇ ಬಂದು ಕೂರುತ್ತದೆ. ಒಲೆಯ ಮುಂದೆ ಒಣಗಲು ಹಾಕಿದ ಬಟ್ಟೆ ನಾಲ್ಕು ದಿನವಾದರೂ ಹಸಿಯೇ. ಬಾರಕು ಮತ್ತು ಉಳಿದವರು ಕುದುರೆಗಳ ಸಾಲು ಹೊಡೆದುಕೊಂಡು ನೇರಳಕ್ಕೆ ಇಳಿದು ಹೋದರು. ಗಂಟೆಗಳ ಸದ್ದು ದೂರವಾಗುತ್ತಿದ್ದಾಗ ಮೈನಾ ಕಿವಿ ನಿಮಿರಿಸಿ ಒಮ್ಮೆ ಕೆನೆಯಿತು. 

ಠಕುಬಾಯಿ ಲಾಯದ ನೆಲಕ್ಕೆ ಒಣ ಎಲೆ, ಅದರ ಮೇಲೆ ಬೂದಿ, ಅದರ ಮೇಲೆ ಹಳೆಯ ಗೋಣಿಚೀಲ ಹಾಸಿದಳು. ಸೂರಿಗೆ ನೀಲಿ ಪ್ಲಾಸ್ಟಿಕ್ ಹೊದಿಸಿ ಕಲ್ಲು ಹೇರಿದಳು. ಬೆಳಿಗ್ಗೆ ಎದ್ದು ಒಂದು ದೊಡ್ಡ ಪಾತ್ರೆ ನೀರು ಕಾಯಿಸುವಳು. ಅದರಲ್ಲಿ ಅರ್ಧ ಗಂಡನ ಮೈ ಒರೆಸಲು, ಅರ್ಧ ಕುದುರೆಯ ಕಾಲಿಗೆ. ಯಾವುದು ಮೊದಲು ಎಂದು ದಿನವೂ ಯೋಚನೆಯಾಗುತ್ತಿತ್ತು. ನೀರು ಬೇಗ ಆರುತ್ತಿತ್ತು. ಗೊರಸಿಗೆ ಕೈ ತಾಳುವಷ್ಟು ಬಿಸಿ ಬೇಕು. ಕೊನೆಗೆ ಕುದುರೆಗೇ ಮೊದಲ ಪಾಲು ಹೋಗುತ್ತಿತ್ತು. ಕೋಂಡಿಬಾ ಅದಕ್ಕೆ ಬೇಸರಪಡಲಿಲ್ಲ. ಅವಳು ಒಳಗೆ ಬರುತ್ತಲೂ ಕಣ್ಣಿನಲ್ಲೇ ಕೇಳುತ್ತಿದ್ದ.

"ಇಟ್ಟಾಳ, ಇಟ್ಟಾಳ. ಕಾಲು ನೀರಾಗ ಇಟ್ಟಾಳ ನಿಮ್ಮ ಮಹಾರಾಣಿ," ಎಂದು ಠಕುಬಾಯಿ ಹೇಳುವಳು.

ಮನೆಗೂ ಲಾಯಕ್ಕೂ ನಡುವೆ ಕಾಡಿನ ಕಾರವಿ ಗಿಡದ ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆ. ಕೋಂಡಿಬಾನ ಹೊರಸು ಆ ಗೋಡೆಗೆ ತಾಗಿತ್ತು. ಆ ಕಡೆ ಕುದುರೆ ಕಾಲು ಬದಲಿಸಿದರೆ ಈ ಕಡೆ ಅವನಿಗೆ ತಿಳಿಯುತ್ತಿತ್ತು. ಎಡಗೈಯಿಂದ ಗೋಡೆಯನ್ನು ಮೆಲ್ಲಗೆ ಬಡಿಯುತ್ತಿದ್ದ. ಒಂದು ಮಧ್ಯಾಹ್ನ ಬಡಿತ ನಿಲ್ಲಲೇ ಇಲ್ಲ.

"ಏನ್ರಿ? ನೀರು ಬೇಕೇನ?"

"ಮ್ಯಾಲ... ಮ್ಯಾಲ..."

ಅವಳು ಸೂರು ನೋಡಿದಳು. ಎಲ್ಲೂ ಸೋರುತ್ತಿರಲಿಲ್ಲ. ಅವನು ತಲೆ ಅಲ್ಲಾಡಿಸಿ, ಸತ್ತ ಬಲಗೈಯನ್ನು ಎಡಗೈಯಿಂದ ಎತ್ತಿಕೊಂಡು, ಅದರ ಉಗುರಿನ ಮೇಲ್ಭಾಗ, ಉಗುರು ಚರ್ಮದಿಂದ ಹೊರಡುವ ಜಾಗವನ್ನು ತಿಕ್ಕಿ ತಿಕ್ಕಿ ತೋರಿಸಿದ. ಠಕುಬಾಯಿ ಲಾಯಕ್ಕೆ ಓಡಿದಳು. ಗೊರಸು ಮುಗಿದು ಕೂದಲು ಶುರುವಾಗುವಲ್ಲಿ ಬೆರಳಾಡಿಸಿದರೆ ಒಂದು ಕಡೆ ಮೆತ್ತಗೆ, ಬಿಸಿಯಾಗಿ, ಹಣ್ಣಾದ ಕುರುವಿನಂತೆ ಉಬ್ಬಿತ್ತು. ಕೀವು ಕೆಳಗೆ ದಾರಿ ಸಾಲದೆ ಮೇಲಕ್ಕೆ ಹತ್ತಿತ್ತು. ಅವಳು ತೌಡಿನ ಪಟ್ಟು ಮೇಲಿನವರೆಗೂ ಹಾಕಿ ಕಟ್ಟಿದಳು. ಮರುದಿನ ಪಟ್ಟಿ ಬಿಚ್ಚಿದಾಗ ಅದು ಒಡೆದು ಹರಿದಿತ್ತು.

ದಸ್ತಗೀರ್ ಮಳೆಯಲ್ಲಿ ಕಂಬಳಿ ಹೊದ್ದು ನಡುನಡುವೆ ಹತ್ತಿ ಬರುತ್ತಿದ್ದ. ಬಂದಾಗ ಒಣಸೀಗಡಿಯ ಸುಕ್ಕಟಿ ಚಟ್ನಿ, ರಾಗಿಯ ನಾಚಣಿ ಭಾಕರಿ ಕೊಟ್ಟರೆ ಲಾಯದ ಹೊಸ್ತಿಲಲ್ಲೇ ಕೂತು ತಿನ್ನುತ್ತಿದ್ದ. ಸತ್ತ ಗೊರಸನ್ನು ಕೆತ್ತಿ, ರಂಧ್ರಕ್ಕೆ ಡಾಂಬರು ಸವರಿದ ಹತ್ತಿ ತುರುಕಿ, "ಒಳ್ಳೆ ಕಾಲಿಗೂ ಪಟ್ಟಿ ಸುತ್ತು ಭಾಬಿ. ಭಾರ ಎಲ್ಲಾ ಅದರ ಮ್ಯಾಲ ಬಿದ್ದು ಅದೂ ಕೈ ಕೊಡ್ತೈತಿ," ಎಂದು ಹೇಳಿದವನೂ ಅವನೇ.

ಒಮ್ಮೆ ಅವನು ಕೆತ್ತುತ್ತಿದ್ದಾಗ ಠಕುಬಾಯಿ ಕುದುರೆಯ ಕತ್ತು ಹಿಡಿದುಕೊಂಡು ಕೇಳಿದಳು. "ದಸ್ತಗೀರಭಾಯಿ, ನೋವು ಕೊಟ್ಟವರು ಯಾರು ಅಂತ ಇದಕ್ಕ ನೆನಪಿರ್ತೈತೇನ?"

"ಇರ್ದ ಏನು! ನನ್ನ ನೋಡಿದ ಕೂಡ್ಲೆ ಕಿವಿ ಹಿಂದಕ್ಕ ಹಾಕ್ತಾವ."

"ಮತ್ತ ನಿನಗ ಕಾಲು ಯಾಕ ಕೊಡ್ತಾವ?"

ದಸ್ತಗೀರ್ ಚೂರಿ ಒರೆಸಿಕೊಂಡ. "ಬ್ಯಾರೆ ಯಾರಿಗೆ ಕೊಡಬೇಕು ಭಾಬಿ?"



ಅವತ್ತೇ ಕೋಂಡಿಬಾ ಗೋಡೆ ಬಡಿದು ಬಡಿದು, ತನ್ನನ್ನು ಲಾಯಕ್ಕೆ ಒಯ್ಯಿರೆಂದು ಸನ್ನೆ ಮಾಡಿದ. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಇಬ್ಬರೂ ಅವನನ್ನು ಕುರ್ಚಿಯ ಮೇಲೆ ಕೂರಿಸಿ, ಹಗ್ಗದಿಂದ ಎದೆ ಬಿಗಿದು, ಎತ್ತಿಕೊಂಡು ಹೋದರು. ಮೈನಾ ಅವನನ್ನು ನೋಡಿ ಮೂಗಿನಲ್ಲಿ ಸಣ್ಣ ಸದ್ದು ಮಾಡಿತು. ಕುಂಟುತ್ತಲೇ ಒಂದು ಹೆಜ್ಜೆ ಮುಂದೆ ಬಂದು ಅವನ ಹೆಗಲಿಗೆ ಮೂತಿ ಒತ್ತಿತು. ದಸ್ತಗೀರ್ ನೋಯುವ ಕಾಲನ್ನು ಎತ್ತಿ ಕೋಂಡಿಬಾನ ತೊಡೆಯ ಮೇಲೆ ಇಟ್ಟ. ಕೋಂಡಿಬಾ ಎಡಗೈಯಿಂದ ಗೊರಸನ್ನು ಸುತ್ತಲೂ ಸವರಿದ.

"ಬಾಯೀ," ಎಂದು ಹೆಣ್ಣುಮಗಳನ್ನು ಕರೆದಂತೆ ಕರೆದ. "ನನ್ನ ಬಾಯೀ. ತಡಕೋ. ಇಷ್ಟ ಐತಿ. ತಡಕೋ ನನ್ನವ್ವಾ."

ಮಾತು ತೊದಲಲಿಲ್ಲ. ಹೆಂಡತಿಯನ್ನು ನೀರು ಕೇಳಲೂ ಹೊರಳದ ನಾಲಿಗೆ ಅದು. ಠಕುಬಾಯಿ ಬಿಸಿನೀರಿನ ಪಾತ್ರೆ ಹಿಡಿದುಕೊಂಡು ನಿಂತಿದ್ದಳು. ಇಷ್ಟು ವರ್ಷ ಭಾಕರಿ ತಟ್ಟುತ್ತ ಗೋಡೆಯಾಚೆಯಿಂದ ಕೇಳಿದ ಮಾತು ಇದೇ ಎಂದು ಗೊತ್ತಾಯಿತು. ಇವನಿಗೆ ಮೆತ್ತಗೆ ಮಾತಾಡಲು ಬರುವುದಿಲ್ಲ, ಕೆಲವರು ಹುಟ್ಟುವುದೇ ಹಾಗೆ ಎಂದುಕೊಂಡು ಅವಳು ಬಾಳು ಕಳೆದಿದ್ದಳು. ಬರುತ್ತಿತ್ತು. ಅವಳಿಗೆ ಕೊಟ್ಟಿರಲಿಲ್ಲ, ಅಷ್ಟೇ. ಪಾತ್ರೆಯ ಕಿವಿ ಅಂಗೈ ಸುಡುತ್ತಿರುವುದು ಆಮೇಲೆ ಗಮನಕ್ಕೆ ಬಂತು.

"ನೀರು ಆರಾಕತ್ತೈತಿ. ಸರೀರಿ," ಎಂದಳು.

ಆಷಾಢ ಮುಗಿಯುವ ಹೊತ್ತಿಗೆ ಕೀವು ನಿಂತಿತು. ಗೊರಸಿನ ನಾತ ಹೋಯಿತು. ಮೈನಾ ನೋಯುವ ಕಾಲಿನ ತುದಿಯನ್ನು ನೆಲಕ್ಕೆ ತಾಗಿಸತೊಡಗಿತು, ಬಿಸಿ ಇದೆಯೋ ಇಲ್ಲವೋ ಎಂದು ಹಂಚು ಮುಟ್ಟಿ ನೋಡಿದ ಹಾಗೆ. ಠಕುಬಾಯಿಯ ಕಾಲು ಮಾತ್ರ ಕೆಟ್ಟಿತ್ತು. ಹಗಲೆಲ್ಲ ಕೆಸರಿನಲ್ಲಿ ಹುಲ್ಲು ಹೊತ್ತು, ಲಾಯದ ಗಂಜಲದಲ್ಲಿ ನಿಂತು, ಬೆರಳ ಸಂದುಗಳೆಲ್ಲ ಬಿಳಿಚಿ ಬಿರಿದು ಕೆಸರುಹುಣ್ಣು ಆಗಿತ್ತು. ಹಿಮ್ಮಡಿಯ ಮೇಲೆ ನಡೆಯುತ್ತಿದ್ದಳು. ಕುದುರೆಗೆ ತಂದ ಡಾಂಬರನ್ನೇ ಒಮ್ಮೆ ತನಗೂ ಸವರಿಕೊಂಡು, ಉರಿ ತಾಳದೆ ಅಂಗಳದಲ್ಲಿ ಕುಣಿದು, ತನ್ನಷ್ಟಕ್ಕೆ ನಕ್ಕಳು. ನೋಡಿ ನಗಲು ಬಾರಕು ಕೂಡ ಇರಲಿಲ್ಲ.

ಶ್ರಾವಣದಲ್ಲಿ ಕೋಂಡಿಬಾನಿಗೆ ಜ್ವರ ಬಂತು. ಮಲಗಿದಲ್ಲೇ ಮಲಗಿ ಎದೆಯಲ್ಲಿ ಕಫ ಕಟ್ಟಿತ್ತು. ಆಸ್ಪತ್ರೆಯವರು ಔಷಧ ಕೊಟ್ಟರು. ಕೆಳಗೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು ಎಂದರು. ಘಾಟಿನಲ್ಲಿ ಗುಡ್ಡ ಕುಸಿದು ರಸ್ತೆ ಬಂದಾಗಿತ್ತು. ದಾರಿ ತೆರೆಯಲಿ ಎಂದು ಕಾಯುತ್ತ ಅವಳು ಅವನ ಎದೆಗೆ ಬಿಸಿ ಎಣ್ಣೆ ತಿಕ್ಕಿದಳು, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು, ಗಂಜಿ ಕುಡಿಸಿದಳು. ಗಂಜಿ ಬಾಯಿಯ ಸತ್ತ ಮಗ್ಗುಲಿನಿಂದ ಹೊರಗೆ ಬರುತ್ತಿತ್ತು.

ಒಂದು ದಿನ ಮಳೆ ನಿಂತು, ಬಾಗಿಲಿನಲ್ಲಿ ಬೆಳಕು ಬಿದ್ದಿತ್ತು. ಠಕುಬಾಯಿ ಹೊರಸಿನ ಪಕ್ಕ ಕೂತು ಅವನ ಬೆನ್ನು ಒರೆಸುತ್ತಿದ್ದಳು. ಕೋಂಡಿಬಾ ಕಣ್ಣು ತೆರೆದ.

"ಮೈನಾ," ಎಂದ.

ಅವಳ ಕೈ ನಿಂತಿತು. ಲಾಯದ ಕಡೆ ಯಾವ ಸದ್ದೂ ಇರಲಿಲ್ಲ. ಅವನು ಗೋಡೆಯ ಕಡೆ ನೋಡುತ್ತಿರಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದ.

"ಮೈನಾ," ಎಂದು ಮತ್ತೆ ಕರೆದ.

ನಾನು ಠಕು ಎಂದು ಹೇಳಲು ಅವಳ ಬಾಯಿ ತೆರೆಯಿತು. ಹೇಳಲಿಲ್ಲ.

"ಹೂಂ," ಎಂದಳು.

"ಕಾಲು... ನೋವು ಐತೇನ?"

ಠಕುಬಾಯಿ ತಗ್ಗಿ ನೋಡಿದಳು. ಹೊರಸಿನ ಅಂಚಿನಿಂದ ಅವಳ ಎರಡೂ ಕಾಲು ಕೆಳಗೆ ಇಳಿಬಿದ್ದಿದ್ದವು. ಹುಣ್ಣಿನ ಮೇಲೆ ಸುತ್ತಿದ ಬಟ್ಟೆ ಕೆಸರಾಗಿತ್ತು. ಮಲಗಿದಲ್ಲಿಂದ ಅವನಿಗೆ ಅವು ಕಾಣುತ್ತಿದ್ದವೋ ಇಲ್ಲವೋ. ಇಷ್ಟು ದಿನ ಅವಳು ಕುಂಟುತ್ತ ಒಳಹೊರಗೆ ಓಡಾಡಿದ್ದನ್ನು ಅವನು ಮಲಗಿದಲ್ಲೇ ನೋಡಿದ್ದನೋ, ಅಥವಾ ಕಣ್ಣ ಮುಂದಿದ್ದದ್ದು ಹೆಂಡತಿಯೆಂಬ ಗುರುತೇ ಅಳಿಸಿಹೋಗಿತ್ತೋ.

"ಕಮ್ಮಿ ಆಗೈತ್ರಿ," ಎಂದಳು. "ಈಗ ಕಮ್ಮಿ ಆಗೈತಿ."

ಅವನು ಎಡಗೈ ಎತ್ತಿದ. ಕೈ ಅವಳ ಮೊಣಕಾಲಿನವರೆಗೆ ಬಂದು ಅಲ್ಲೇ ಬಿತ್ತು. ಅವಳು ಅದನ್ನು ಸರಿಸಲಿಲ್ಲ. ಒರೆಸುವ ಬಟ್ಟೆ ತಣ್ಣಗಾಗುವವರೆಗೂ ಕೂತೇ ಇದ್ದಳು. ಮರುದಿನ ಬೆಳಿಗ್ಗೆ ನೀರು ಕಾಯಿಸಿ ಒಳಗೆ ಬರುವಷ್ಟರಲ್ಲಿ ಕೋಂಡಿಬಾ ಹೋಗಿಬಿಟ್ಟಿದ್ದ.

ರಸ್ತೆ ಮುಚ್ಚಿದ್ದರೂ ಬಾರಕು ನೇರಳದಿಂದ ಕಾಲುದಾರಿ ಹತ್ತಿ ಬಂದ. ಜಾತಿಯವರು ಸೇರಿದರು. ಕಟ್ಟಿಗೆ ಹಸಿ, ಸೀಮೆಎಣ್ಣೆ ಸುರಿದು ಸುರಿದು ಹಚ್ಚಬೇಕಾಯಿತು. ತಮ್ಮನ ಸ್ಥಾನದಲ್ಲಿ ನಿಂತು ಬಾರಕುವೇ ಕೊಳ್ಳಿ ಇಟ್ಟ. ಮನೆಯಲ್ಲಿ ಹೆಂಗಸರು ಠಕುಬಾಯಿಯನ್ನು ನಡುವೆ ಕೂರಿಸಿಕೊಂಡು ಅಳುತ್ತಿದ್ದರು. ಅವಳಿಗೆ ಅಳು ಬರಲಿಲ್ಲ. ಹಗಲು ಜಾರುತ್ತಿದ್ದ ಹಾಗೆ ಎದ್ದು, ಒಲೆಯ ಮೇಲೆ ನೀರು ಇಟ್ಟಳು.

"ಎಲ್ಲಿಗೆ ಎದ್ದಿ?" ಒಬ್ಬ ಮುದುಕಿ ಕೇಳಿದಳು.

"ಕುದರಿ ಕಾಲು ತೊಳಿಬೇಕು."

"ಗಂಡನ ಚಿತಿ ಇನ್ನಾ ಆರಿಲ್ಲ, ಈಕಿ ಸವತಿ ಸೇವಾಕ್ಕ ಹೊಂಟಾಳ," ಎಂದು ಯಾರೋ ಪಿಸುಗುಟ್ಟಿದರು. ಈ ಸಲ ಯಾರೂ ನಗಲಿಲ್ಲ. ಠಕುಬಾಯಿ ಪಾತ್ರೆ ಎತ್ತಿಕೊಂಡು ಹೋದಳು.

ಮೈನಾ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಬಡಿತ ನಿಂತ ಗೋಡೆ. ಮುಂದೆ ಹಾಕಿದ ಹುಲ್ಲು ಹಾಗೇ ಇತ್ತು. ಠಕುಬಾಯಿ ಕಾಲು ಹಿಡಿದರೆ ಅದು ಕೊಡಲಿಲ್ಲ, ಎಳೆದುಕೊಂಡಿತು. ಮತ್ತೆ ಹಿಡಿದಳು, ಮತ್ತೆ ಎಳೆದುಕೊಂಡಿತು. ಅವಳು ಹಸಿ ಗೋಣಿಯ ಮೇಲೆ ಕುಕ್ಕರಿಸಿದಳು. ಕುದುರೆಗೆ ತಿಳಿಯುವ ಮಾತು ಅವಳ ಹತ್ತಿರ ಒಂದೇ ಇತ್ತು. ಅದೂ ತನ್ನದಲ್ಲ.

"ಬಾಯೀ," ಎಂದಳು. "ತಡಕೋ ನನ್ನವ್ವಾ. ಇಷ್ಟ ಐತಿ."

ಕಿವಿ ಹೊರಳಿತು. ಸ್ವಲ್ಪ ಹೊತ್ತಿನ ಮೇಲೆ ಮುಂಗಾಲು ತಾನಾಗಿ ಮೇಲೆದ್ದು ಅವಳ ಕೈಗೆ ಬಂತು. ಅದನ್ನು ಬಿಸಿ ನೀರಿನಲ್ಲಿ ಇಡಿಸಿ, ಕುದುರೆಯ ಮೊಣಕಾಲಿಗೆ ಹಣೆ ಹಚ್ಚಿ ಠಕುಬಾಯಿ ಅತ್ತಳು. ಹೊಡೆದ ಕೈಗೂ ಅತ್ತಳು, ಮೊಣಕಾಲ ಮೇಲೆ ಬಿದ್ದ ಕೈಗೂ ಅತ್ತಳು. ಹೊರಸಿನ ಮೇಲೇ ಹೋದ ಕೂಸಿಗೂ ಅವತ್ತೇ ಅತ್ತಳು. ಒಳಗಿನ ಹೆಂಗಸರಿಗೆ ಗೋಡೆಯಾಚೆಯಿಂದ ದನಿ ಕೇಳಿತು. ಯಾರೂ ಎದ್ದು ಬರಲಿಲ್ಲ.

ನವರಾತ್ರಿಯ ಹೊತ್ತಿಗೆ ಮೋಡ ಬೆಟ್ಟ ಇಳಿಯಿತು. ಕುದುರೆಗಳು ಮೇಲೆ ಬಂದವು. ದಸ್ತಗೀರ್ ಗೊರಸಿಗೂ ಲಾಳಕ್ಕೂ ನಡುವೆ ತೊಗಲಿನ ಮೆತ್ತೆ ಕೊಟ್ಟು ಹೊಸ ಲಾಳ ಕಟ್ಟಿದ. ಕೆಟ್ಟ ಗೊರಸು ಪೂರ್ತಿ ಬೆಳೆದು ಸವೆದು ಹೋಗಲು ಇನ್ನೊಂದು ಮಳೆಗಾಲ ಬೇಕು ಎಂದ. ಡಾಕ್ಟರು ಮೈನಾಳನ್ನು ಅಂಗಳದಲ್ಲಿ ಎರಡು ಸುತ್ತು ನಡೆಸಿ ನೋಡಿ, "ಸಮ ದಾರಿಯಾಗ ಹಗುರಾದವರನ್ನ ಕೂಡಸ್ರಿ. ಇಳಿಜಾರಿನಾಗ ಬ್ಯಾಡ," ಎಂದಳು. ಕುದುರೆ ವಾಸಿಯಾಗಿತ್ತು, ಮೊದಲಿನಂತೆ ಅಲ್ಲ. ಚಹಾ ತುಳುಕದ ಆ ನಡಿಗೆ ಹೋಗಿತ್ತು. ಎಡ ಮುಂಗಾಲು ಊರುವಾಗ ಎಲ್ಲೋ ಒಂದು ಕೂದಲೆಳೆಯಷ್ಟು ಅಳುಕು, ತಿಳಿದವರಿಗೆ ಮಾತ್ರ ಕಾಣುವಂಥದು.

ಸ್ಟ್ಯಾಂಡಿನಲ್ಲಿ ಬಾರಕು ತನ್ನ ಕುದುರೆಯನ್ನು ಹಿಂದಕ್ಕೆ ಸರಿಸಿದ. "ಇಲ್ಲಿ ನಿಂದ್ರು ವಹಿನಿ. ಸರದಿ ನಿಂದು."

"ನೀ ಹೋಗು. ನಂದು ನಿಧಾನ."

"ನಿಂದ್ರು ಅಂದ್ರ ನಿಂದ್ರು. ಕೋಂಡಿಬಾ ದಾದಾನ ಜಾಗಾ ಅದು."

ಬಂದ ಗಿರಾಕಿ ಪುಣೆಯ ಕಡೆಯ ತೆಳ್ಳನೆಯ ಹೆಂಗಸು, ಕೆರೆಯವರೆಗೆ ಹೋಗಬೇಕು. ಮೈನಾ ಕೆಮ್ಮಣ್ಣಿನ ಸಮ ದಾರಿಯಲ್ಲಿ ಚೆನ್ನಾಗಿಯೇ ನಡೆಯಿತು. ಹಗ್ಗ ಹಿಡಿದ ಠಕುಬಾಯಿ ಬಾಯೊಳಗೇ ಅದರೊಡನೆ ಏನೋ ಹೇಳುತ್ತ ಬಂದಳು: ಇಲ್ಲಿ ಬೇರು ಐತಿ, ನೋಡಿ ನಡಿ, ಇಲ್ಲಿ ಮಂಗ್ಯಾ ಕುಂತಾವ, ಅಂಜಬ್ಯಾಡ. ಕಲ್ಲಿನ ಇಳಿಜಾರು ಬಂದಲ್ಲಿ ನಿಲ್ಲಿಸಿದಳು.

"ಇಲ್ಲಿ ಇಳೀರಿ ತಾಯಿ. ಕೆಳಗಿನ ತನಕಾ ನಡ್ಕೊಂತ ಹೋಗೂಣು."

"ಕೆರಿ ತನಕಾ ಅಂದಿದ್ರಲ್ಲ?"

"ಅಂದೇನಿ. ಈಕಿ ಕಾಲು ಮಳಿಗಾಲದಾಗ ಕೆಟ್ಟಿತ್ತು. ಇಳಕಲಿನಾಗ ಭಾರ ಹಾಕೂದಿಲ್ಲ."

ಹೆಂಗಸು ಗೊಣಗುತ್ತ ಇಳಿದಳು. ಮೂವರೂ ಕಲ್ಲುಗಳ ನಡುವೆ ನಿಧಾನವಾಗಿ ಇಳಿಯತೊಡಗಿದರು. ಸ್ವಲ್ಪ ದೂರ ಹೋದ ಮೇಲೆ ಹೆಂಗಸಿನ ಸಿಟ್ಟು ಇಳಿಯಿತು. ಕುದುರೆಯ ಕೆಲಸ ಯಾರು ಕಲಿಸಿದರು, ಯಜಮಾನರೇ ಎಂದು ಕೇಳಿದಳು.

"ಅವರು ನನಗ ಏನೂ ಕಲಿಸಲಿಲ್ರಿ," ಎಂದಳು ಠಕುಬಾಯಿ. "ಕುದರೀಗೆ ಹೇಳ್ತಿದ್ರು. ನಾ ಗ್ವಾಡಿ ಈಚೆ ಕುಂತು ಕೇಳಿಸ್ಕೊಂಡೆ."

ಹೆಂಗಸಿಗೆ ಅದು ಅರ್ಥವಾಗಲಿಲ್ಲ, ಸುಮ್ಮನೆ ತಲೆ ಆಡಿಸಿದಳು. ಕೆಳಗೆ ಮರಗಳ ನಡುವೆ ನೀರು ಕಾಣಿಸಿತು. ಮೈನಾ ಒಂದು ಕಲ್ಲಿನ ಮುಂದೆ ನಿಂತು ಕಾಲು ಎಲ್ಲಿ ಇಡಲಿ ಎಂದು ಮೂಸಿ ನೋಡುತ್ತಿತ್ತು. ಠಕುಬಾಯಿ ಹಗ್ಗ ಎಳೆಯದೆ, ಅದಕ್ಕೆ ಬೇಕಾದಷ್ಟು ಹೊತ್ತು ಕೊಟ್ಟು ನಿಂತುಕೊಂಡಳು.